ಮನೆಯೂ ಹೊರಟಿತು, ನಾಯಿಯೂ ಹೊರಟಿತು

ಬಂಡಿಯ ಕೆಳಗೆ, ಅಚ್ಚಿನ ನೆರಳಿನಲ್ಲಿ ನಡೆದುಬರುವ ನಾಯಿಯು ಇಡೀ ಬಂಡಿಯ ಭಾರವನ್ನು ತಾನೇ ಹೊತ್ತಿರುವೆನೆಂದು ತಿಳಿಯುತ್ತದಂತೆ. ಅಲ್ಪರ ಅಹಂಕಾರವನ್ನು ಹಾಸ್ಯಮಾಡಲು ನಮ್ಮ ಹಿರಿಯರು ಬಳಸುತ್ತಿದ್ದ ಮಾತು ಇದು. ಜಾತ್ರೆಗೋ ಮದುವೆಗೋ ಕಮಾನುಬಂಡಿ ಕಟ್ಟಿಕೊಂಡು ಹೊರಟ ಸಂಸಾರದ ಹಿಂದೆ, ಯಾರೂ ಕರೆಯದಿದ್ದರೂ, ಮನೆಯ ನಾಯಿ ಹೊರಟುಬಿಡುತ್ತಿದ್ದ ಕಾಲದ ಮಾತು. ಆದರೆ ಈ ಮಾತನ್ನು ಕಟ್ಟಿದವರು ನಾಯಿಯ ಪಕ್ಷದ ವಾದವನ್ನು ಕೇಳಿದಂತೆ ತೋರುವುದಿಲ್ಲ. ನಾಯಿಯೊಡನೆ ದೀರ್ಘ ಪ್ರವಾಸ ಮಾಡಿದವರು ಬೇರೆಯೇ ಸಾಕ್ಷ್ಯವನ್ನು ನುಡಿಯುತ್ತಾರೆ. ಬಂಡಿ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು, ದಿನಕ್ಕೆ ಎಷ್ಟು ದೂರ ಸಾಗಬೇಕು, ದಾರಿಯಲ್ಲಿ ಯಾರೊಡನೆ ಮಾತು ಬೆಳೆಯಬೇಕು ಎಂಬುದೆಲ್ಲವನ್ನೂ ಕೊನೆಗೆ ನಿರ್ಣಯಿಸುವುದು ಆ ನಾಲ್ಕು ಕಾಲಿನ ಪ್ರಯಾಣಿಕನೇ ಎಂದು.

ಇಂಗ್ಲೆಂಡಿನಲ್ಲಿ ಮನೆಯನ್ನೇ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಒಂದು ವಿರಾಮಪದ್ಧತಿ ಉಂಟು. ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಆ ಗಾಲಿಮನೆಗೆ ಕ್ಯಾರವಾನ್ ಎಂದು ಹೆಸರು. ಮರುಭೂಮಿಯಲ್ಲಿ ಗುಂಪುಗೂಡಿ ಸಾಗುವ ವರ್ತಕರ ಸಾರ್ಥವನ್ನು ಸೂಚಿಸುತ್ತಿದ್ದ ಪಾರಸಿಯ ಪದವೊಂದು, ಹಲವು ಭಾಷೆಗಳನ್ನು ಹಾಯ್ದು, ಮಳೆಯ ನಾಡಾದ ಇಂಗ್ಲೆಂಡಿಗೆ ಬಂದು, ಹಾಸಿಗೆ ಒಲೆ ಮೇಜುಗಳುಳ್ಳ ಪುಟ್ಟ ಕೋಣೆಗೆ ಅಂಟಿಕೊಂಡಿತು. ಶಬ್ದಗಳೂ ಪ್ರವಾಸಿಗಳೇ, ಹೊರಟಾಗ ಇದ್ದ ಅರ್ಥದಲ್ಲಿಯೇ ಊರು ಸೇರಬೇಕೆಂಬ ನಿಯಮವೇನೂ ಅವುಗಳಿಗಿಲ್ಲ.

ಜಿಪ್ಸಿಗಳೂ ಸಂತೆಯ ಆಟಗಾರರೂ ಬದುಕಿನ ಅನಿವಾರ್ಯದಿಂದ ವಾಸಿಸುತ್ತಿದ್ದ ಗಾಲಿಮನೆಯನ್ನು ಕೇವಲ ವಿಹಾರಕ್ಕಾಗಿ ಮಾಡಿಸಿಕೊಂಡವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆರೋಗ್ಯ ಕೆಟ್ಟು ನಿವೃತ್ತನಾಗಿ, ಅನಂತರ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆದು ಹೆಸರಾದವನು ಈತ. ೧೮೮೫ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯೊಂದರಲ್ಲಿ ಸುಮಾರು ೧೮ ಅಡಿ ಉದ್ದದ, ಎರಡು ಕುದುರೆಗಳೆಳೆಯುವ ಗಾಡಿಯನ್ನು ಮಾಡಿಸಿ, ಅದಕ್ಕೆ ‘ವಾಂಡರರ್’ ಎಂದು, ಎಂದರೆ ‘ಅಲೆಮಾರಿ’ ಎಂದು, ಹೆಸರಿಟ್ಟನು. ಇಂಗ್ಲೆಂಡಿನ ದಕ್ಷಿಣದಿಂದ ಹೊರಟು ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್ ನಗರದವರೆಗೆ ಸುತ್ತುಬಳಸಿನ ೧,೩೦೦ ಮೈಲಿಗಳ ಯಾತ್ರೆ ನಡೆಸಿ, ಮರುವರ್ಷ ಅದನ್ನು ಕುರಿತು ಒಂದು ಪುಸ್ತಕವನ್ನೂ ಪ್ರಕಟಿಸಿದನು. ಅವನ ಪರಿವಾರದಲ್ಲಿ ಒಬ್ಬ ಸಾರಥಿ, ಮೂರು ಗಾಲಿಯ ಸೈಕಲ್ಲನ್ನೇರಿ ಮುಂದೆ ಹೋಗಿ ದಾರಿ ನೋಡಿಬರುವ ಒಬ್ಬ ಪರಿಚಾರಕ, ಒಂದು ಕಾಕಟೂ ಗಿಳಿ, ಮತ್ತು ‘ಹರಿಕೇನ್ ಬಾಬ್’ ಎಂಬ ಹೆಸರಿನ ಒಂದು ಭಾರಿ ನ್ಯೂಫೌಂಡ್‌ಲೆಂಡ್ ನಾಯಿ. ಚಂಡಮಾರುತದ ಹೆಸರನ್ನು ಹೊತ್ತ ನಾಯಿಗೂ ಆ ಗಾಡಿಯಲ್ಲಿ ಕುದುರೆಯ ನಡಿಗೆಯ ವೇಗವೇ ಗತಿಯಾಗಿತ್ತು. ವಿಹಾರದ ಕ್ಯಾರವಾನು ಹುಟ್ಟಿದಾಗಲೇ ನಾಯಿಯೂ ಅದರ ಬಾಗಿಲಲ್ಲಿ ಮಲಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

೧೯೦೭ರಲ್ಲಿ ಬ್ರಿಟನ್ನಿನ ಕ್ಯಾರವಾನ್ ಪ್ರಿಯರು ಒಂದು ಸಂಘವನ್ನು ಕಟ್ಟಿಕೊಂಡರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ೧೯೧೯ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆಯವರು ಮೋಟಾರಿಗೆ ಕಟ್ಟಿ ಎಳೆಯುವ ಗಾಲಿಮನೆಗಳನ್ನು ಮಾರಾಟಕ್ಕಾಗಿ ತಯಾರಿಸತೊಡಗಿದರು. ಕುದುರೆ ಹೋಯಿತು, ಮೋಟಾರು ಬಂದಿತು. ಶ್ರೀಮಂತನ ವಿಲಾಸವಾಗಿದ್ದುದು ಕ್ರಮೇಣ ಮಧ್ಯಮವರ್ಗದ ಸಂಸಾರಗಳ ಬೇಸಗೆಯ ರಜೆಯಾಯಿತು. ಆದರೆ ವಾಂಡರರ್ ಗಾಡಿಯಲ್ಲಿದ್ದ ಮುಖ್ಯ ಗುಣವೊಂದನ್ನು ಮೋಟಾರಿನ ಕಾಲದವರು ಪ್ರಯತ್ನಪೂರ್ವಕವಾಗಿ ಕಲಿಯಬೇಕಾಗಿದೆ. ಅದೇ ನಿಧಾನ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇಂಗ್ಲೆಂಡಿನ ಯಾವುದೋ ನಗರದ ಅಂಚಿನಲ್ಲಿ ವಾಸಿಸುವ ದಂಪತಿಗಳು, ಬೆಳೆದ ಮಗ, ಹನ್ನೆರಡು ವರ್ಷದ ಒಂದು ಲ್ಯಾಬ್ರಡಾರ್ ನಾಯಿ. ಚಳಿಗಾಲದ ಸಂಜೆ ಊಟದ ಮೇಜಿನ ಮೇಲೆ ಭೂಪಟ ಹರಡಿದೆ. ಯಜಮಾನನ ಬೆರಳು ದಕ್ಷಿಣದ ತೀರದಿಂದ ಹೊರಟು, ಸರೋವರಗಳ ಸೀಮೆಯನ್ನು ದಾಟಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯನ್ನು ಸವರಿ, ಎರಡು ವಾರದೊಳಗೆ ಮನೆಗೆ ಮರಳುತ್ತದೆ. ಭೂಪಟದ ಮೇಲೆ ಬೆರಳಿಗೆ ದಣಿವೆಂಬುದಿಲ್ಲ. ಗೃಹಿಣಿಯು ಕೇಳುವುದು ಒಂದೇ ಪ್ರಶ್ನೆ: “ಇದರಲ್ಲಿ ನಾವು ಸುಮ್ಮನೆ ಕುಳಿತಿರುವ ದಿನ ಯಾವುದು?” ಯಜಮಾನನು ಎಣಿಸಿ ನೋಡುತ್ತಾನೆ, ಅಂಥ ದಿನ ಒಂದೂ ಇಲ್ಲ. ಮೇಜಿನ ಕೆಳಗೆ ನಾಯಿ ನಿಟ್ಟುಸಿರು ಬಿಡುತ್ತದೆ. ಅದು ನಿದ್ರೆಯದಾಗಿರಬಹುದು, ಅಭಿಪ್ರಾಯವೂ ಆಗಿರಬಹುದು.

ವಿರಾಮದ ಪ್ರವಾಸವನ್ನು ಯೋಜಿಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಇದೇ. ದೂರವನ್ನು ಮೊದಲು ನಿರ್ಧರಿಸಿ, ಉಳಿದ ಹೊತ್ತಿನಲ್ಲಿ ವಿರಾಮವನ್ನು ತುರುಕುವುದು. ಕ್ರಮ ತಿರುಗುಮುರುಗಾಗಬೇಕು. ಎಷ್ಟು ದಿನ ಒಂದೇ ಕಡೆ ತಂಗಬೇಕೆಂಬುದನ್ನು ಮೊದಲು ಬರೆದಿಟ್ಟು, ಮಿಕ್ಕ ದಿನಗಳನ್ನು ದಾರಿಗೆ ಕೊಡಬೇಕು. ಕ್ಯಾರವಾನನ್ನು ಎಳೆಯುವ ಮೋಟಾರಿಗೆ ಬ್ರಿಟನ್ನಿನ ಕಾಯಿದೆಯೂ ನಿಧಾನವನ್ನೇ ವಿಧಿಸಿದೆ. ಎದುರುಬದುರು ವಾಹನಗಳು ಸಾಗುವ ಏಕಮಾರ್ಗದಲ್ಲಿ ಗಂಟೆಗೆ ೫೦ ಮೈಲಿ, ವಿಭಜಿತ ಹೆದ್ದಾರಿಯಲ್ಲಿಯೂ ಮೋಟಾರ್‌ವೇಗಳಲ್ಲಿಯೂ ೬೦ ಮೈಲಿ, ಇದೇ ಗರಿಷ್ಠ ಮಿತಿ. ಮೂರು ಅಥವಾ ಹೆಚ್ಚು ಸಾಲುಗಳುಳ್ಳ ಮೋಟಾರ್‌ವೇಯ ಬಲತುದಿಯ ಸಾಲಿಗೆ ಕ್ಯಾರವಾನು ಹೋಗುವಂತಿಲ್ಲ. ಇಕ್ಕಟ್ಟಾದ ಗ್ರಾಮಮಾರ್ಗಗಳಲ್ಲಿ ಆ ಮಿತಿಯನ್ನು ಮುಟ್ಟುವುದೂ ಕಷ್ಟ. ಜೊತೆಗೆ ವೃದ್ಧ ನಾಯಿಯೊಂದಿದ್ದರೆ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ, ನೀರು ಕುಡಿಸಿ, ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ಕತ್ತಲಾಗುವ ಮುನ್ನವೇ ತಂಗುದಾಣವನ್ನು ಸೇರಿ, ಗಾಡಿಯನ್ನು ಸಮವಾಗಿ ನಿಲ್ಲಿಸಿ, ನೀರು ತುಂಬಿಸಿ, ಒಲೆ ಹಚ್ಚಬೇಕು. ಇಷ್ಟನ್ನೆಲ್ಲ ಲೆಕ್ಕ ಹಾಕಿದರೆ ದಿನವೊಂದಕ್ಕೆ ಸಾಗುವ ದೂರ ತಾನಾಗಿಯೇ ಕುಗ್ಗುತ್ತದೆ. ಅದು ನಷ್ಟವಲ್ಲ, ಅದೇ ರಜೆ.

ಮುಂದಿನದು ಭಾರದ ಲೆಕ್ಕ. ಗಾಲಿಮನೆಯಲ್ಲಿ ಎಷ್ಟು ಬೇಕಾದರೂ ತುಂಬಬಹುದೆಂಬ ಭ್ರಮೆ ಎಲ್ಲರಿಗೂ ಮೊದಲ ವರ್ಷ ಇರುತ್ತದೆ. ಸಾಮಾನು ತುಂಬಿದ ಕ್ಯಾರವಾನಿನ ತೂಕವು ಎಳೆಯುವ ಮೋಟಾರಿನ ತೂಕದಲ್ಲಿ ನೂರಕ್ಕೆ ೮೫ನ್ನು ಮೀರದಿರುವುದು ಹೊಸಬರಿಗೆ ಕ್ಷೇಮವೆಂದು ಅನುಭವಿಗಳ ಸಲಹೆ. ಮೋಟಾರು ೧,೬೦೦ ಕಿಲೋ ಇದ್ದರೆ ಕ್ಯಾರವಾನು ೧,೩೬೦ ಕಿಲೋವನ್ನು ದಾಟಬಾರದು. ಮುಂಭಾಗದ ಕೊಂಡಿಯ ಮೇಲೆ ಕ್ಯಾರವಾನಿನ ತೂಕದ ನೂರಕ್ಕೆ ೫ರಿಂದ ೭ರಷ್ಟು ಭಾರ ಬೀಳುವಂತೆ, ಆದರೆ ಮೋಟಾರು ತಾಳಬಲ್ಲ ಮಿತಿಯೊಳಗೆ, ಸಾಮಾನುಗಳನ್ನು ಜೋಡಿಸಬೇಕು. ಭಾರವಾದುದನ್ನು ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರದಲ್ಲಿ ಇಡಬೇಕು. ಹಗುರವಾದುದನ್ನು ಮೇಲಿನ ಗೂಡುಗಳಲ್ಲಿ. ಹಿಂಭಾಗಕ್ಕೆ ಭಾರ ಬಿದ್ದರೆ ಗಾಡಿಯು ವೇಗದಲ್ಲಿ ಹಾವಿನಂತೆ ಹೊಯ್ದಾಡುತ್ತದೆ. ಒಮ್ಮೆ ಹೊಯ್ದಾಟ ಹಿಡಿದ ಗಾಡಿಯು ಮೋಟಾರನ್ನೂ ತನ್ನೊಡನೆ ಕೆಡವಬಲ್ಲುದು. ನಮ್ಮ ಬಂಡಿಕಾರರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂಭಾರ ಹಿಂಭಾರಗಳ ತಾರತಮ್ಯ ತಪ್ಪಿದರೆ ನೊಗ ಎತ್ತಿನ ಕೊರಳನ್ನು ಒತ್ತುತ್ತದೆ ಇಲ್ಲವೆ ಮೂಕಿ ಮೇಲಕ್ಕೇಳುತ್ತದೆ ಎಂಬುದನ್ನು ಅವರು ಕಣ್ಣಳತೆಯಲ್ಲಿಯೇ ಬಲ್ಲವರಾಗಿದ್ದರು.

ಇಷ್ಟಾದ ಮೇಲೆ ನಾಯಿಯ ಸ್ಥಾನವೆಲ್ಲಿ? ಹಿಂದೆ ಬರುತ್ತಿರುವ ಮನೆಯಲ್ಲಿ ಮೆತ್ತನೆಯ ಹಾಸಿಗೆ ಖಾಲಿಯಾಗಿಯೇ ಇರುವಾಗ ನಾಯಿಯನ್ನು ಅಲ್ಲಿಯೇ ಬಿಡಬಹುದಲ್ಲ ಎಂದು ತೋರುವುದು ಸಹಜ. ಹಾಗೆ ಸರ್ವಥಾ ಮಾಡಬಾರದು. ಓಡುತ್ತಿರುವ ಕ್ಯಾರವಾನು ಮನುಷ್ಯರಿಗೆ ಹೇಗೋ ಹಾಗೆ ನಾಯಿಗೂ ಅಪಾಯದ ಸ್ಥಳ. ಅದು ಕುಲುಕುತ್ತದೆ, ಒಳಗಿನ ಗೋಳು ಸಾರಥಿಗೆ ಕಾಣುವುದಿಲ್ಲ, ಕೇಳುವುದಿಲ್ಲ. ನಾಯಿಯ ಸ್ಥಾನ ಮೋಟಾರಿನೊಳಗೆ, ಮನೆಯವರ ಜೊತೆಯಲ್ಲಿ. ಅಲ್ಲಿಯೂ ಅದನ್ನು ಸಡಿಲ ಬಿಡದೆ ಪಟ್ಟಿಯಿಂದಲೋ ಪಂಜರದಿಂದಲೋ ಜಾಲರಿಯ ಅಡ್ಡಗೋಡೆಯಿಂದಲೋ ನಿರ್ಬಂಧಿಸಿರಬೇಕೆಂದು ಬ್ರಿಟನ್ನಿನ ಹೆದ್ದಾರಿ ನಿಯಮಾವಳಿ ಹೇಳುತ್ತದೆ. ಹಠಾತ್ತನೆ ಬಿರಿ ಹಾಕಿದಾಗ ಮೂವತ್ತು ಕಿಲೋ ತೂಕದ ಪ್ರೀತಿಯೂ ಹಿಂದಿನಿಂದ ಎಸೆದ ಕಲ್ಲಾಗುತ್ತದೆ.

ಕಿಟಕಿಯಿಂದ ತಲೆ ಹೊರಹಾಕಿ ಗಾಳಿ ಕುಡಿಯುವುದು ನಾಯಿಗಳಿಗೆ ಪರಮಾನಂದ. ಆದರೆ ಧೂಳು, ಮರಳು, ಹುಳುಹುಪ್ಪಟೆಗಳು ಕಣ್ಣಿಗೆ ಬಡಿಯುವ ಭಯವುಂಟು. ಇದಕ್ಕೆ ಹಳೆಯದೊಂದು ದೃಷ್ಟಾಂತವಿದೆ. ೧೯೦೩ರಲ್ಲಿ ಹೊರೇಷಿಯೋ ನೆಲ್ಸನ್ ಜಾಕ್ಸನ್ ಎಂಬ ಅಮೆರಿಕನ್ ವೈದ್ಯನು ೫೦ ಡಾಲರ್ ಪಂಥ ಕಟ್ಟಿ, ಮೋಟಾರಿನಲ್ಲಿ ಅಮೆರಿಕ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ಮೊಟ್ಟಮೊದಲು ದಾಟಿದನು. ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ೬೩ ದಿನ ಹಿಡಿಯಿತು. ಐಡಹೊ ಪ್ರಾಂತದಲ್ಲಿ ‘ಬಡ್’ ಎಂಬ ಬುಲ್‌ಡಾಗ್ ನಾಯಿಯೂ ಅವನ ಜೊತೆ ಸೇರಿತು. ಮುಂದೆ ಗಾಜಿಲ್ಲದ ಆ ಮೋಟಾರಿನಲ್ಲಿ ಧೂಳಿನಿಂದ ಬಡ್‌ನ ಕಣ್ಣು ಉರಿಯತೊಡಗಲು, ಜಾಕ್ಸನ್ ತನ್ನಂತೆಯೇ ಅದಕ್ಕೂ ಒಂದು ಜೊತೆ ಧೂಳುಕನ್ನಡಕವನ್ನು ತೊಡಿಸಿದನು. ಆ ಮೋಟಾರೂ ನಾಯಿಯ ಆ ಕನ್ನಡಕವೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿವೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಬಿಸಿಲಿನದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ಏದುಸಿರು ಬಿಟ್ಟು, ನಾಲಗೆ ಬಾಯಿಗಳ ತೇವ ಆರುವುದರ ಮೂಲಕವೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದು ನಿಂತರೆ ಆ ಉಪಾಯ ಸಾಗದು. ಹೊರಗೆ ೨೨ ಡಿಗ್ರಿ ಸೆಂಟಿಗ್ರೇಡ್ ಹಿತವಾದ ಹವೆ ಇದ್ದಾಗಲೂ, ಮುಚ್ಚಿ ನಿಲ್ಲಿಸಿದ ಮೋಟಾರಿನೊಳಗೆ ಒಂದು ಗಂಟೆಯಲ್ಲಿ ೪೭ ಡಿಗ್ರಿಯವರೆಗೆ ಏರಬಹುದೆಂದು ಬ್ರಿಟನ್ನಿನ ಪ್ರಾಣಿದಯಾ ಸಂಘದವರು ಪ್ರತಿ ಬೇಸಗೆಯಲ್ಲಿಯೂ ಎಚ್ಚರಿಸುತ್ತಾರೆ. ಬಿಸಿಲಿಗೆ ನಿಂತ ಕ್ಯಾರವಾನಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಆದುದರಿಂದ ನಾಯಿಯೊಡನೆ ಹೊರಟವರ ದಿನಚರಿಯಲ್ಲಿ “ಐದು ನಿಮಿಷ ಅಂಗಡಿಗೆ ಹೋಗಿಬರುವೆವು” ಎಂಬ ವಾಕ್ಯಕ್ಕೆ ಸ್ಥಳವಿಲ್ಲ. ಒಬ್ಬರು ಅಂಗಡಿಗೆ ಹೋದರೆ ಇನ್ನೊಬ್ಬರು ನೆರಳಿನಲ್ಲಿ ನಾಯಿಯೊಡನೆ ನಿಲ್ಲಬೇಕು. ಅರಮನೆ, ವಸ್ತುಸಂಗ್ರಹಾಲಯಗಳಲ್ಲಿ ನಾಯಿಗೆ ಪ್ರವೇಶವಿಲ್ಲದಿದ್ದರೆ ದಂಪತಿಗಳು ಸರದಿಯ ಮೇಲೆ ನೋಡಿಬರಬೇಕು. ಇಲ್ಲವೆ ನೋಡುವ ಆಸೆಯನ್ನೇ ಬಿಡಬೇಕು.

ಕಾಯಿದೆಯ ಕೆಲವು ಕಟ್ಟುಗಳೂ ಇವೆ. ಸಾರ್ವಜನಿಕ ಸ್ಥಳದಲ್ಲಿ ನಾಯಿಯ ಕೊರಳಪಟ್ಟಿಯ ಮೇಲೆ ಒಡೆಯನ ಹೆಸರು ವಿಳಾಸಗಳಿರಬೇಕೆಂದು ೧೯೯೨ರ ಆಜ್ಞೆ. ಚರ್ಮದಡಿಯಲ್ಲಿ ಗುರುತಿನ ಮೈಕ್ರೋಚಿಪ್ ಇರಿಸಬೇಕೆಂದು ಇಂಗ್ಲೆಂಡಿನಲ್ಲಿ ೨೦೧೬ರಿಂದ ಕಡ್ಡಾಯ. ಪರಸ್ಥಳದಲ್ಲಿ ನಾಯಿ ತಪ್ಪಿಸಿಕೊಂಡರೆ ಮನೆಯ ವಿಳಾಸಕ್ಕಿಂತ ಕಿಸೆಯಲ್ಲಿರುವ ಮೊಬೈಲಿನ ಸಂಖ್ಯೆಯೇ ಬೇಗ ಫಲಿಸುವುದರಿಂದ ಅದನ್ನೂ ಪಟ್ಟಿಯ ಮೇಲೆ ಕೆತ್ತಿಸುವುದು ಜಾಣತನ. ಕುರಿಗಳು ಮೇಯುವ ಹೊಲಗಳಲ್ಲಿ ನಾಯಿಯ ಹಗ್ಗವನ್ನು ಬಿಡಕೂಡದು. ಕುರಿಯನ್ನು ಅಟ್ಟಿ ಕಾಡಿದರೆ ಒಡೆಯನು ಅಪರಾಧಿಯಾಗುವನೆಂದು ೧೯೫೩ರಿಂದಲೂ ಶಾಸನವಿದೆ. ಬೇಸಗೆಯ ತಿಂಗಳುಗಳಲ್ಲಿ ಅನೇಕ ಸಮುದ್ರತೀರಗಳಿಗೆ ನಾಯಿಗಳನ್ನು ಬಿಡುವುದಿಲ್ಲ. ಸಮುದ್ರಸ್ನಾನವೇ ಮುಖ್ಯವೆಂದು ಹೊರಡುವವರು ಹೊರಡುವ ಮುನ್ನವೇ ಆಯಾ ಊರಿನ ನಿಯಮವನ್ನು ವಿಚಾರಿಸದಿದ್ದರೆ, ತೀರದ ಹಲಗೆಯ ಮುಂದೆ ನಿಂತು ನಾಯಿಯ ಮುಖ ನೋಡಬೇಕಾಗುತ್ತದೆ.

ಕಡಲ್ಗಾಲುವೆಯನ್ನು ದಾಟಿ ಫ್ರಾನ್ಸಿಗೆ ಹೋಗುವುದಾದರೆ ಲೆಕ್ಕ ಇನ್ನೂ ಸೂಕ್ಷ್ಮ. ಹಿಂದೆ ಪರದೇಶದಿಂದ ಬ್ರಿಟನ್ನಿಗೆ ಬಂದ ನಾಯಿಯು ಹುಚ್ಚುನಾಯಿ ರೋಗದ ಭಯದಿಂದಾಗಿ ಆರು ತಿಂಗಳು ಪ್ರತ್ಯೇಕ ಬಂಧನದಲ್ಲಿರಬೇಕಾಗಿತ್ತು. ೨೦೦೦ದಲ್ಲಿ ಆ ಪದ್ಧತಿ ಸಡಿಲವಾಗಿ ಲಸಿಕೆಯ ದಾಖಲೆಯಿದ್ದ ನಾಯಿಗಳಿಗೆ ದಾರಿ ತೆರೆಯಿತು. ಬ್ರಿಟನ್ನು ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ, ೨೦೨೧ರ ಜನವರಿಯಿಂದ, ಬ್ರಿಟನ್ನಿನಲ್ಲಿ ಕೊಟ್ಟಿದ್ದ ನಾಯಿಯ ಪಾಸ್‌ಪೋರ್ಟಿಗೆ ಬೆಲೆಯಿಲ್ಲದಂತಾಗಿ, ಪಶುವೈದ್ಯನ ಆರೋಗ್ಯಪತ್ರ ಬೇಕಾಯಿತು. ಮೊದಲ ಲಸಿಕೆ ಹಾಕಿಸಿ ೨೧ ದಿನ ಕಾಯಬೇಕು. ಹಿಂದಿರುಗುವಾಗ ಲಾಡಿಹುಳುವಿನ ಔಷಧವನ್ನು ಬ್ರಿಟನ್ನನ್ನು ಸೇರುವ ೨೪ ಗಂಟೆಗಿಂತ ಮೊದಲೂ ೧೨೦ ಗಂಟೆಯೊಳಗೂ ಪಶುವೈದ್ಯನೇ ಕುಡಿಸಿ ಬರೆದುಕೊಟ್ಟಿರಬೇಕು. ಮುಹೂರ್ತವಿಟ್ಟು ಹೊರಡುವುದೆಂದರೆ ಇದೇ ಅಲ್ಲವೆ?

ಕಾಗದಪತ್ರಗಳನ್ನು ಉಪೇಕ್ಷಿಸಿ ಪೇಚಿಗೆ ಸಿಕ್ಕಿದವರಲ್ಲಿ ಜಗತ್ಪ್ರಸಿದ್ಧ ಕಾದಂಬರಿಕಾರನೂ ಒಬ್ಬನುಂಟು. ಜಾನ್ ಸ್ಟೈನ್‌ಬೆಕ್ ೧೯೬೦ರ ಸೆಪ್ಟೆಂಬರಿನಲ್ಲಿ, ತನ್ನ ೫೮ನೆಯ ವಯಸ್ಸಿನಲ್ಲಿ, ಚಾರ್ಲಿ ಎಂಬ ಪೂಡಲ್ ನಾಯಿಯೊಡನೆ ಅಮೆರಿಕವನ್ನು ಸುತ್ತಲು ಹೊರಟನು. ಲಾರಿಯ ಬೆನ್ನಿನ ಮೇಲೆ ಹಡಗಿನ ಕೋಣೆಯಂಥ ಪುಟ್ಟ ಮನೆಯೊಂದನ್ನು ಕೂರಿಸಿ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ನೆನಪಿಗಾಗಿ ಅದಕ್ಕೆ ರೋಸಿನಾಂಟೆ ಎಂದು ಹೆಸರಿಟ್ಟಿದ್ದನು. ಅದರಲ್ಲಿ ಹಾಸಿಗೆ, ಅನಿಲದ ಒಲೆ, ಶೀತಪೆಟ್ಟಿಗೆ, ದೀಪ ಎಲ್ಲವೂ ಇದ್ದುವು. ನಯಾಗರದ ಬಳಿ ಗಡಿ ದಾಟಿ ಕೆನಡದ ಮೂಲಕ ಹೋಗುವುದೆಂದು ಅವನು ಯೋಚಿಸಿದ್ದನು. ಚಾರ್ಲಿಗೆ ಹುಚ್ಚುನಾಯಿ ರೋಗದ ಲಸಿಕೆಯ ಪತ್ರವಿರಲಿಲ್ಲ. ಕೆನಡದ ಅಧಿಕಾರಿ ಸೌಜನ್ಯದಿಂದಲೇ ಎಚ್ಚರಿಸಿದನು: ಈಗ ಒಳಗೆ ಬರುವುದು ಕಷ್ಟವಲ್ಲ, ಮರಳಿ ಅಮೆರಿಕವನ್ನು ಹೊಗುವುದೇ ಕಷ್ಟ. ಲೇಖಕನು ಗಾಡಿಯನ್ನು ತಿರುಗಿಸಬೇಕಾಯಿತು. ದೊಡ್ಡ ದೇಶವೊಂದನ್ನು ಸುತ್ತುವ ಸಂಕಲ್ಪವು ಚಿಕ್ಕದೊಂದು ಕಾಗದಕ್ಕೆ ತಲೆಬಾಗಿತು.

ಸ್ಟೈನ್‌ಬೆಕ್‌ನ ಪ್ರವಾಸದಿಂದ ಯೋಜಕರು ಕಲಿಯಬಹುದಾದ ಪಾಠಗಳು ಹಲವು. ಆತನು ಅಗತ್ಯಕ್ಕಿಂತ ಬಹಳ ಹೆಚ್ಚು ಸಾಮಾನು ಹೇರಿಕೊಂಡಿದ್ದನು. ಕಾಗದ, ಪುಸ್ತಕ, ಉಪಕರಣಗಳ ಹೊರೆಯಲ್ಲಿ ಬಹುಭಾಗ ಉಪಯೋಗಕ್ಕೆ ಬರಲಿಲ್ಲವೆಂದು ತಾನೇ ಒಪ್ಪಿಕೊಂಡನು. ಆದರೆ ಒಂದು ಉಪಾಯ ಮಾತ್ರ ಮೆಚ್ಚಬೇಕಾದುದು. ಮುಚ್ಚಳವುಳ್ಳ ಬಕೆಟ್ಟೊಂದರಲ್ಲಿ ಮಾಸಿದ ಬಟ್ಟೆ, ನೀರು, ಸಾಬೂನು ಹಾಕಿ, ಹಿಗ್ಗುವ ಹಗ್ಗದಿಂದ ಅದನ್ನು ಗಾಡಿಯೊಳಗೆ ತೂಗುಹಾಕಿದನು. ದಿನವಿಡೀ ರಸ್ತೆಯ ಕುಲುಕಾಟವೇ ಬಟ್ಟೆಯನ್ನು ಒಗೆದುಕೊಟ್ಟಿತು. ಇನ್ನು ಚಾರ್ಲಿಯಾದರೋ ಅವನ ರಾಯಭಾರಿ. ಅಪರಿಚಿತರು ಬೀಡುಬಿಟ್ಟಿರುವ ಕಡೆಗೆ ಚಾರ್ಲಿ ಹೋಗುವುದು, ಅದನ್ನು ಕರೆತರುವ ನೆವದಿಂದ ಒಡೆಯನು ಹೋಗುವುದು, ಕಾಫಿಯ ಬಟ್ಟಲು ಹೊರಬರುವುದು, ಮಾತು ಬೆಳೆಯುವುದು. ಒಂಟಿ ಮನುಷ್ಯನನ್ನು ಕಂಡು ಅಂಜುವವರೂ ನಾಯಿಯ ಹಿಂದೆ ಬಂದವನನ್ನು ಕಂಡು ನಗುತ್ತಾರೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ವನದಲ್ಲಿ ಮಾತ್ರ ಶಾಂತಸ್ವಭಾವದ ಚಾರ್ಲಿಯು ಕರಡಿಗಳನ್ನು ನೋಡಿ ಉನ್ಮತ್ತನಂತೆ ಬೊಗಳತೊಡಗಲು, ಅಷ್ಟು ದೂರದಿಂದ ನೋಡಬಂದ ವನವನ್ನು ಬಿಟ್ಟು ಹೊರಟುಹೋಗಬೇಕಾಯಿತು. ಯಾರ ಬಂಡಿಯನ್ನು ಯಾರು ಹೊತ್ತಿದ್ದರೆಂದು ಗಾದೆಗಾರರೇ ಹೇಳಲಿ.

ಆದರೆ ಈ ಕಥೆಯ ತಿರುಳು ಬೇರೆಯೇ ಇದೆ. ಹೊರಡುವ ಹಿಂದಿನ ವರ್ಷದ ಕೊನೆಯಲ್ಲಿ ಸ್ಟೈನ್‌ಬೆಕ್ ತೀವ್ರ ಅಸ್ವಸ್ಥನಾಗಿದ್ದನು. ಇನ್ನು ಮೇಲೆ ಎಲ್ಲವನ್ನೂ ಇಳಿಸಿಕೊಂಡು, ಮೆಲ್ಲಗೆ ನಡೆದು, ಮನೆಯವರ ಆರೈಕೆಯಲ್ಲಿ ಶೇಷಾಯುಷ್ಯವನ್ನು ಕಳೆಯಬೇಕೆಂಬ ಸಲಹೆಯನ್ನು ಅವನ ಮನಸ್ಸು ಒಪ್ಪಲಿಲ್ಲ. ದೇಶವನ್ನು ನೋಡುವುದೆಂಬುದು ನೆವ. ತಾನಿನ್ನೂ ತಾನಾಗಿಯೇ ಉಳಿದಿರುವೆನೇ ಎಂದು ಪರೀಕ್ಷಿಸಿಕೊಳ್ಳುವುದು ನಿಜವಾದ ಉದ್ದೇಶ. ಜೊತೆಗಾರನೂ ವಯಸ್ಸಾದವನೇ. ದಾರಿಯಲ್ಲಿ ಚಾರ್ಲಿಗೆ ಮೂತ್ರ ಕಟ್ಟಿ ನೋವು ಕಾಣಿಸಿಕೊಂಡಿತು. ಮೊದಲು ಸಿಕ್ಕಿದ ಪಶುವೈದ್ಯನು ಮನಸ್ಸಿಟ್ಟು ನೋಡಲಿಲ್ಲ. ಮುಂದೆ ಟೆಕ್ಸಸಿನ ಅಮರಿಲ್ಲೋ ನಗರದಲ್ಲಿ ಸಿಕ್ಕಿದ ತರುಣ ವೈದ್ಯನು ಕೈಯಿಟ್ಟೊಡನೆಯೇ ನಾಯಿಗೆ ಸಮಾಧಾನವಾಯಿತು. ಕೆಲವು ದಿನ ಅದನ್ನು ಚಿಕಿತ್ಸೆಗೆ ಬಿಟ್ಟು ಲೇಖಕನು ಕಾಯಬೇಕಾಯಿತು. ಸುಮಾರು ೧೦,೦೦೦ ಮೈಲಿ ಸುತ್ತಿ, ಆ ವರ್ಷವೇ ಇಬ್ಬರೂ ಮನೆ ಸೇರಿದರು. ಪ್ರವಾಸದ ಪುಸ್ತಕ ೧೯೬೨ರಲ್ಲಿ ಹೊರಬಂದಿತು. ಅದೇ ವರ್ಷ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ೨೦೧೦ರಲ್ಲಿ ಅದೇ ದಾರಿಯಲ್ಲಿ ಸಾಗಿದ ಪತ್ರಕರ್ತನೊಬ್ಬನು, ಆ ರಾತ್ರಿಗಳಲ್ಲಿ ಎಷ್ಟೋ ರಾತ್ರಿಗಳು ಗಾಲಿಮನೆಯಲ್ಲಲ್ಲ, ಮೋಟೆಲು ಹೋಟೆಲುಗಳಲ್ಲಿ ಕಳೆದುವೆಂದೂ, ಹಲವು ಸಂಭಾಷಣೆಗಳು ಕಾದಂಬರಿಕಾರನ ಕಲ್ಪನೆಯೆಂದೂ ವಾದಿಸಿದನು. ಇರಬಹುದು. ಕಾದಂಬರಿಕಾರನಿಗೆ ಪ್ರವಾಸದಲ್ಲಿಯೂ ರಜೆ ಇರುವುದಿಲ್ಲ. ಆದರೆ ನಾಯಿ ನೋವಿನಿಂದ ನರಳಿದ ರಾತ್ರಿಯಲ್ಲಿ ಒಡೆಯನಿಗೆ ಆಗುವ ಭಯವನ್ನು ನಾಯಿ ಸಾಕಿದವರಾರೂ ಕಲ್ಪನೆಯೆಂದು ತಳ್ಳಿಹಾಕಲಾರರು. ರೋಸಿನಾಂಟೆಯನ್ನು ಕ್ಯಾಲಿಫೋರ್ನಿಯದಲ್ಲಿ, ಅವನ ಹುಟ್ಟೂರಾದ ಸಲೀನಸ್ ನಗರದ ಸ್ಮಾರಕಭವನದಲ್ಲಿ, ಇರಿಸಿದ್ದಾರೆ.

ಈಗ ಮತ್ತೆ ಆ ಊಟದ ಮೇಜಿನ ಬಳಿಗೆ ಹೋಗಬೇಕು. ಭೂಪಟ ಇನ್ನೂ ಹರಡಿಯೇ ಇದೆ. ಮಗನು ವ್ಯವಹಾರಜ್ಞನಾದುದರಿಂದ ಸುಲಭವಾದ ಪರಿಹಾರವೊಂದನ್ನು ಸೂಚಿಸುತ್ತಾನೆ: ಎರಡು ವಾರ ನಾಯಿಯನ್ನು ಸಾಕುಮನೆಯೊಂದರಲ್ಲಿ ಬಿಟ್ಟರಾಯಿತು, ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ವೈದ್ಯರು, ಎಲ್ಲ ಅನುಕೂಲಗಳೂ ಇವೆ, ಸ್ಕಾಟ್ಲೆಂಡನ್ನು ಧಾರಾಳವಾಗಿ ನೋಡಿಬರಬಹುದು. ಮಾತಿನಲ್ಲಿ ತಪ್ಪೇನೂ ಇಲ್ಲ. ಎಳೆಯ, ಗಟ್ಟಿಮುಟ್ಟಾದ ನಾಯಿಯಾಗಿದ್ದರೆ ಅದೇ ಸರಿ ಎನ್ನಬಹುದಾಗಿತ್ತು. ಆದರೆ ಲ್ಯಾಬ್ರಡಾರಿಗೆ ಹನ್ನೆರಡು ವರ್ಷವೆಂದರೆ ವೃದ್ಧಾಪ್ಯ. ಹಿಂಗಾಲು ಸೋತಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಸ್ಕಾಟ್ಲೆಂಡು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಗೃಹಿಣಿ ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎದ್ದುಹೋಗಿ ನಾಯಿಯ ಬಟ್ಟಲಿಗೆ ನೀರು ತುಂಬಿಸುತ್ತಾಳೆ. ಯಜಮಾನನು ಪೆನ್ಸಿಲನ್ನು ಕೈಗೆತ್ತಿಕೊಂಡು ಗೆರೆಯನ್ನು ಅಳಿಸತೊಡಗುತ್ತಾನೆ.

ಹೊಸ ಯೋಜನೆ ಹೀಗೆ ರೂಪುಗೊಳ್ಳುತ್ತದೆ. ಸಾವಿರ ಮೈಲಿಗೆ ಬದಲು ನೂರಿಪ್ಪತ್ತು; ಹತ್ತು ತಂಗುದಾಣಗಳಿಗೆ ಬದಲು ಎರಡು. ಮೊದಲನೆಯದು ನದಿಯ ಬದಿಯಲ್ಲಿ, ಸಮತಟ್ಟಾದ ಹುಲ್ಲುಗಾವಲಿನಲ್ಲಿ. ಎರಡನೆಯದು ವರ್ಷವಿಡೀ ನಾಯಿಗಳಿಗೆ ಮುಕ್ತವಾದ ಸಮುದ್ರತೀರದ ಬಳಿ. ಶಾಲೆಗಳ ರಜೆಯ ಗದ್ದಲವೂ ನಡುಬೇಸಗೆಯ ತಾಪವೂ ಇಲ್ಲದ ಮೇ ತಿಂಗಳ ಮೂರನೆಯ ವಾರ. ಎರಡೂ ಸ್ಥಳಗಳ ಹತ್ತಿರದ ಪಶುವೈದ್ಯರ ವಿಳಾಸಗಳು ಹೊರಡುವ ಮುನ್ನವೇ ಪುಸ್ತಕದಲ್ಲಿ ಬರೆದಿವೆ. ನಾಯಿಯ ಔಷಧ ಎರಡು ವಾರಕ್ಕಲ್ಲ, ಮೂರು ವಾರಕ್ಕೆ ಸಾಲುವಷ್ಟು. ಗಾಡಿಯ ಬಾಗಿಲಿನ ಮೆಟ್ಟಿಲು ಎತ್ತರವಾದುದರಿಂದ ಹಿಂಗಾಲು ಸೋತ ಪ್ರಾಣಿಗೆ ಹತ್ತಲು ಒಂದು ಇಳಿಜಾರು ಹಲಗೆ. ಜೊತೆಗೆ ಮನೆಯ ಹಳೆಯ ಕಂಬಳಿ, ಒಗೆಯದೆಯೇ. ಹೊಸ ಜಾಗದಲ್ಲಿ ನಾಯಿಗೆ ಮನೆಯೆಂದರೆ ಮನೆಯ ವಾಸನೆ. ತಂಗುದಾಣದಲ್ಲಿ ಉದ್ದನೆಯ ಹಗ್ಗ, ನೆಲಕ್ಕೆ ತಿರುಗಿಸಿ ನೆಡುವ ಗೂಟ, ಮಲವನ್ನು ಎತ್ತಿಹಾಕಲು ಚೀಲಗಳು. ರಾತ್ರಿ ಚಳಿಯೆಂದು ಗಾಳಿಗಂಡಿಗಳನ್ನು ಮುಚ್ಚದಿರಲು ಒಂದು ಚೀಟಿ. ಒಲೆಯ ವಿಷಾನಿಲಕ್ಕೆ ಮನುಷ್ಯ, ನಾಯಿ ಎಂಬ ಭೇದವಿಲ್ಲ.

ಪಟ್ಟಿಯ ಕೊನೆಯ ಸಾಲಿನಲ್ಲಿ ಯಜಮಾನನು ‘ಬಿಡುವು’ ಎಂದು ಬರೆದು ಅಡಿಗೆರೆ ಎಳೆಯುತ್ತಾನೆ. ಹದಿನಾಲ್ಕು ದಿನಗಳಲ್ಲಿ ಹನ್ನೊಂದು ದಿನ ಗಾಡಿ ಕದಲುವುದಿಲ್ಲ. ಬೆಳಗ್ಗೆ ನಾಯಿ ಎಷ್ಟು ದೂರ ನಡೆಯಬಲ್ಲುದೋ ಅಷ್ಟೇ ದೂರದ ವಿಹಾರ. ಅದು ಕುಳಿತಲ್ಲಿ ಎಲ್ಲರೂ ಕುಳಿತುಕೊಳ್ಳುವುದು. ಅವಸರವಿಲ್ಲದ ರಜೆ ಹೇಗಿರಬೇಕೆಂದು ಪುಸ್ತಕಗಳಲ್ಲಿ ಹುಡುಕುವವರು ಮುದಿನಾಯಿಯ ನಡಿಗೆಯನ್ನು ಅನುಸರಿಸಿದರೆ ಸಾಕು. ಪೊದೆಯೊಂದರ ಬುಡದಲ್ಲಿ ಹತ್ತು ನಿಮಿಷ ನಿಂತು ನಿನ್ನೆಯ ಸಮಾಚಾರವನ್ನೆಲ್ಲ ಮೂಸಿ ತಿಳಿದುಕೊಂಡು ಮುಂದಕ್ಕೆ ಹೆಜ್ಜೆಯಿಡುವ ಆ ಪ್ರಾಣಿಗೆ ಗುರಿ ಮುಟ್ಟುವ ಚಿಂತೆಯೇ ಇಲ್ಲ.

ಮಹಾಪ್ರಸ್ಥಾನಕ್ಕೆ ಹೊರಟ ಪಾಂಡವರ ಹಿಂದೆ ಹಸ್ತಿನಾವತಿಯಿಂದಲೇ ಒಂದು ನಾಯಿ ಹೊರಟಿತಂತೆ. ದಾರಿಯಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಉಳಿದವರು ಧರ್ಮರಾಯ ಮತ್ತು ಆ ನಾಯಿ. ಇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಹತ್ತಿಕೋ ಎಂದಾಗ, ನಂಬಿ ಬಂದುದನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆನೆಂದು ಆತನು ನಿಂತನು. ವಾಹನ ಸಿದ್ಧವಾಗಿ ನಿಂತಿರುವಾಗ, ಸ್ಥಳವೂ ಕಾದಿರುವಾಗ, ಹಾಗೆ ನಿಲ್ಲುವುದು ಸುಲಭವಲ್ಲ. ಇಂಗ್ಲೆಂಡಿನ ಆ ಗೃಹಸ್ಥನಿಗೆ ನಮ್ಮ ಪುರಾಣ ತಿಳಿದಿರಲಾರದು. ಅವನು ಬಿಟ್ಟುದೂ ಸ್ವರ್ಗವನ್ನಲ್ಲ, ಸ್ಕಾಟ್ಲೆಂಡನ್ನು ಮಾತ್ರ, ಅದೂ ಒಂದು ವರ್ಷದ ಮಟ್ಟಿಗೆ. ಆದರೂ ಭೂಪಟವನ್ನು ಮಡಿಸಿ ದೀಪವಾರಿಸಿ ಏಳುವಾಗ ಅವನ ಮನಸ್ಸು ಹಗುರವಾಗಿತ್ತು. ನಾಯಿ ಮೆಲ್ಲಗೆ ಎದ್ದು ಅವನ ಹಿಂದೆ ನಡೆಯಿತು. ಎಲ್ಲಿಗೆ ಎಂದು ಅದು ಕೇಳಲಿಲ್ಲ.